ದೀಕ್ಷೆಯ ನಂತರವೂ ಓದು: ಅಯ್ಯನವರು, ಸುವಾರ್ತಿಕರು, ಸಭಾ ಹಿರಿಯರಿಗಾಗಿ ಊರಲ್ಲೇ ಅಧ್ಯಯನ ಕೂಟ ಕಟ್ಟುವುದು ಹೇಗೆ?

ಕ್ರೈಸ್ತ ದೇವಶಾಸ್ತ್ರದ ಪದವಿ ಮುಗಿಯಿತು, ಪಾದ್ರಿಯಾಗಿ ದೀಕ್ಷೆ ಆಯಿತು, ಸಭೆ ಕೈಗೆ ಬಂತು. ಆಮೇಲೆ ಓದಿನ ಗತಿ ಏನು? ಎಷ್ಟೋ ಸಭಾಪಾಲಕರಿಗೆ, ಅಂದರೆ ನಮ್ಮ ಅಯ್ಯನವರಿಗೆ, ಶನಿವಾರ ರಾತ್ರಿ ಪ್ರಸಂಗದ (ಆರಾಧನೆಯಲ್ಲಿ ಮಾಡುವ ಉಪದೇಶದ) ತಯಾರಿಗೆ ಪುಸ್ತಕ ತೆರೆಯುವುದಷ್ಟೇ ಉಳಿಯುತ್ತದೆ. ಹಳ್ಳಿಗಳಲ್ಲಿ ಸುವಾರ್ತೆ ಸಾರುವ ಸುವಾರ್ತಿಕರು, ಸಭಾ ಹಿರಿಯರು, ಸಂಡೇ ಸ್ಕೂಲ್ ಟೀಚರ್‌ಗಳ ಪೈಕಿ ಹಲವರಿಗೆ ಮೊದಲ ತರಬೇತಿಯೂ ಸರಿಯಾಗಿ ಸಿಕ್ಕಿರುವುದಿಲ್ಲ.

ಇದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಒಬ್ಬರೇ ಅಯ್ಯನವರು, ಮೂರು ನಾಲ್ಕು ಊರು. ಇವತ್ತು ಮಣ್ಣು, ನಾಳೆ ಮದುವೆ, ನಡುವೆ ಆಸ್ಪತ್ರೆ ಭೇಟಿ. ಕಾಲೇಜುಗಳು ಇರುವುದು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ. ಎರಡು ವರ್ಷ ಸಭೆ ಬಿಟ್ಟು ಹೋಗುವುದು ಆಗದ ಮಾತು. ಹಾಗಾಗಿ ಓದನ್ನೇ ಹುಬ್ಬಳ್ಳಿ, ಗದಗ, ಹಾವೇರಿಗೆ ಕರೆತರಬೇಕು. ಅದು ಆಗುವ ಕೆಲಸ.

ಮೊದಲು ಪ್ರಶ್ನೆಗಳನ್ನು ಬರೆದಿಡಿ

ಯಾವ ಕೋರ್ಸ್ ಸೇರಲಿ ಎಂದು ಶುರು ಮಾಡಬೇಡಿ. ಒಂದು ತಿಂಗಳು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜನ ನಿಮ್ಮನ್ನು ಏನು ಕೇಳಿದರು ಎಂದು ಅವರ ಮಾತಿನಲ್ಲೇ ಬರೆಯಿರಿ. "ಅಯ್ಯನವರ, ಮಗಾ ಕುಡಿಯೋದು ಬಿಡವಲ್ಲ, ಏನ್ ಮಾಡ್ಲಿ?" "ಹುಡುಗಿ ಬ್ಯಾರೆ ಜಾತಿ ಹುಡುಗನ್ನ ಮದುವಿ ಆಗ್ತೀನಿ ಅಂತಾಳ್ರಿ." "ಮಳಿ ಇಲ್ಲ, ಸಾಲ ಮೈಮ್ಯಾಲೆ ಬಂದೈತಿ, ದೇವ್ರು ಯಾಕ್ ಸುಮ್ನ ಕುಂತಾನ?"

ತಿಂಗಳ ಕೊನೆಗೆ ಪಟ್ಟಿ ನೋಡಿ. ಯಾವುದಕ್ಕೆ ಉತ್ತರ ತಡವರಿಸಿತೋ ಅಲ್ಲಿ ಗುರುತು ಹಾಕಿ. ಅಲ್ಲಿಂದ ನಿಮ್ಮ ಪಠ್ಯಕ್ರಮ ಹುಟ್ಟಬೇಕು. ಮೇಲಿನ ಮೂರನೇ ಪ್ರಶ್ನೆಯನ್ನೇ ನೋಡಿ. ಅದಕ್ಕೆ ಬೈಬಲ್‌ನ ಯೋಬನ ಗ್ರಂಥವನ್ನೂ ಕೀರ್ತನೆಗಳನ್ನೂ ಮತ್ತೊಮ್ಮೆ ಗಂಭೀರವಾಗಿ ಓದಬೇಕು. ಬೆಳೆಸಾಲ, ಬೆಳೆವಿಮೆ ಹೇಗೆ ನಡೆಯುತ್ತದೆ ಎಂದೂ ತಿಳಿಯಬೇಕು. ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಎಂಟು ಹತ್ತು ಜನ ಸಾಕು

ಒಬ್ಬರೇ ಓದುವವರು ಬೇಗ ನಿಲ್ಲಿಸಿಬಿಡುತ್ತಾರೆ. ಎಂಟರಿಂದ ಹತ್ತು ಜನರ ಕೂಟ ಕಟ್ಟಿ. ಅದಕ್ಕಿಂತ ಜಾಸ್ತಿ ಆದರೆ ಮಾತು ಭಾಷಣವಾಗುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಕ್ಯಾಥೋಲಿಕ್, ಮೆಥೋಡಿಸ್ಟ್, ಸ್ವತಂತ್ರ ಸಭೆ ಎಂದು ಬೇರೆ ಮಾಡದೆ ಕರೆಯಿರಿ. ಆರಾಧನೆಯ ಕ್ರಮ ಬೇರೆ ಇರಬಹುದು, ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತಾಗ ಎಲ್ಲರ ಕಷ್ಟವೂ ಒಂದೇ ಅಲ್ವಾ?

ಕ್ಯಾಥೋಲಿಕ್ ಫಾದರ್‌ಗಳಿಗೆ ಇದು ನಿಯಮವೇ ಆಗಿದೆ. 1983ರ ಕ್ಯಾನನ್ ಕಾನೂನಿನ 279ನೇ ವಿಧಿ, ದೀಕ್ಷೆಯ ನಂತರವೂ ಅಧ್ಯಯನ ಮುಂದುವರಿಸಬೇಕು ಎನ್ನುತ್ತದೆ. ಉಳಿದ ಸಭೆಗಳೂ ಇದನ್ನು ಆಯ್ಕೆಗೆ ಬಿಡದೆ ನಿಯಮ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ಸೇರಿಸಿ. ಅಯ್ಯನವರ ಹೆಂಡತಿ, ಸಿಸ್ಟರ್‌ಗಳು, ಸ್ತ್ರೀ ಕೂಟ ನಡೆಸುವವರು ಮನೆಯ ಒಳಗಿನ ನೋವನ್ನು ಮೊದಲು ಕೇಳುವವರು. ಸಿಎಸ್‌ಐ ಹೆಂಗಸರಿಗೂ ದೀಕ್ಷೆ ಕೊಡುತ್ತದೆ, 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ (ಧರ್ಮಪ್ರಾಂತ್ಯಕ್ಕೆ) ಮಹಿಳೆಯೇ ಬಿಷಪ್ ಆದರು. ಹೀಗಿರುವಾಗ ತರಬೇತಿಯ ದಿನ ಅವರನ್ನು ಅಡುಗೆಮನೆಗೆ ಕಳಿಸುವುದು ತಪ್ಪು. ಊಟ ಹೊರಗಿನಿಂದ ತರಿಸಿ.

ಜಾಗಕ್ಕೆ ಹುಬ್ಬಳ್ಳಿ ಅನುಕೂಲ. ಧಾರವಾಡದಿಂದ ಚಿಗರಿ ಬಸ್ ಇದೆ. ಗದಗ ಸುಮಾರು 60 ಕಿ.ಮೀ., ಹಾವೇರಿ ಅದಕ್ಕಿಂತ ಸ್ವಲ್ಪ ದೂರ, ಎರಡೂ ಕಡೆಯಿಂದ ರೈಲೂ ಬರುತ್ತದೆ. ದಿನ ಸೋಮವಾರ ಇರಲಿ, ರವಿವಾರದ ದಣಿವು ಇದ್ದರೂ ಬಿಡುವು ಇರುತ್ತದೆ. ತಿಂಗಳಿಗೆ ಒಂದು ಸಲ ಇಡೀ ದಿನ ಸೇರಿ. ಡಿಸೆಂಬರ್, ಶುಭ ಶುಕ್ರವಾರದ ಹಿಂದಿನ ವಾರಗಳು ಮತ್ತು ಸುಗ್ಗಿಯ ಕಾಲ ಬಿಟ್ಟುಬಿಡಿ. ಹಳ್ಳಿಯ ಸಭಾ ಹಿರಿಯರಲ್ಲಿ ರೈತರೇ ಇರುತ್ತಾರೆ, ಮೆಣಸಿನಕಾಯಿ ಬಿಡಿಸುವ ಹೊತ್ತಿನಲ್ಲಿ ಅವರನ್ನು ಕರೆದರೆ ಬರುವುದಿಲ್ಲ.

ಕೋರ್ಸ್ ಆರಿಸುವಾಗ

ಕೂಟದ ಜೊತೆಗೆ ಒಂದು ಕ್ರಮಬದ್ಧ ಕೋರ್ಸ್ ಇದ್ದರೆ ಒಳ್ಳೆಯದು. ಎರಡು ದಾರಿಗಳಿವೆ.

ಒಂದು, ದೇವಶಾಸ್ತ್ರದ ಪದವಿ ಕೊಡುವ, ಪಶ್ಚಿಮ ಬಂಗಾಳದ ಸೆರಾಂಪುರದ ಸೆನೆಟ್. ಸೆರಾಂಪುರ ಕಾಲೇಜು ಶುರುವಾದದ್ದು 1818ರಲ್ಲಿ. ಪದವಿ ಕೊಡಲು ಡೆನ್ಮಾರ್ಕ್ ರಾಜನ ಸನದು ಸಿಕ್ಕಿದ್ದು 1827ರಲ್ಲಿ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಎರಡೂ ಈ ಸೆನೆಟ್‌ಗೆ ಸೇರಿದವು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕೋರ್ಸ್‌ಗಳೂ ಸೆನೆಟ್‌ನಲ್ಲಿವೆ. ಶಾಲಾ ಶಿಕ್ಷಕರಾಗಿ, ಬ್ಯಾಂಕ್ ನೌಕರರಾಗಿ ಇದ್ದುಕೊಂಡೇ ಸಭೆಯ ಸೇವೆ ಮಾಡುವವರಿಗೆ ಇದು ಹೊಂದುತ್ತದೆ.

ಇನ್ನೊಂದು, ವಿಸ್ತರಣಾ ಪದ್ಧತಿ. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಟಿಇಇ (ಥಿಯಲಾಜಿಕಲ್ ಎಜುಕೇಶನ್ ಬೈ ಎಕ್ಸ್‌ಟೆನ್ಶನ್) ಅನ್ನುತ್ತಾರೆ. 1963ರಲ್ಲಿ ಗ್ವಾಟೆಮಾಲಾದ ಒಂದು ಪ್ರೆಸ್‌ಬಿಟೇರಿಯನ್ ಸೆಮಿನರಿಯಲ್ಲಿ ಶುರುವಾಯಿತು. ಅಲ್ಲಿನ ಹಳ್ಳಿ ಸಭೆಗಳ ನಾಯಕರು ಹೊಲ, ಸಂಸಾರ ಬಿಟ್ಟು ಬರಲಾರದೆ ಇದ್ದರು. ಹಾಗಾಗಿ ಮೇಷ್ಟರುಗಳೇ ಅವರ ಊರ ಹತ್ತಿರ ಹೋದರು. ನಮ್ಮ ದೇಶದಲ್ಲಿ ಇದನ್ನು ನಡೆಸುವ ಟಾಫ್ಟಿ ಸಂಸ್ಥೆ 1971ರಿಂದ ಬೆಂಗಳೂರಿನಲ್ಲಿದೆ. ಮನೆಯಲ್ಲಿ ಪಾಠ ಓದುವುದು, ಅದನ್ನು ಸಭೆಯಲ್ಲಿ ಮಾಡಿ ನೋಡುವುದು, ಆಮೇಲೆ ಗುಂಪಿನಲ್ಲಿ ಕೂತು ಚರ್ಚಿಸುವುದು: ಈ ಮೂರೂ ಸೇರಿದರೇ ಆ ಪದ್ಧತಿ. ನಮ್ಮ ಜಿಲ್ಲೆಗಳ ಹಳ್ಳಿ ಸಭೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಸೇರುವ ಮುಂಚೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ತಿಳಿಯಿರಿ. ಪ್ರವೇಶಕ್ಕೆ ಎಷ್ಟು ಓದಿರಬೇಕು? ಪಾಠ ಮತ್ತು ಪರೀಕ್ಷೆ ಕನ್ನಡದಲ್ಲಿ ಇದೆಯೇ? ಪ್ರಮಾಣಪತ್ರ ಯಾರ ಮಾನ್ಯತೆಯದು? ಹಣ ಕಟ್ಟಿದರೆ ಆರು ತಿಂಗಳಲ್ಲಿ ಡಾಕ್ಟರೇಟ್ ಎಂದು ವಾಟ್ಸಾಪ್‌ನಲ್ಲಿ ಬರುವ ಜಾಹೀರಾತಿಗೆ ದಯವಿಟ್ಟು ಬೀಳಬೇಡಿ. ಹೆಸರಿನ ಮುಂದೆ ಅಕ್ಷರ ಸೇರುತ್ತದೆ, ಕುಡುಕ ಮಗನ ತಾಯಿಗೆ ಹೇಳುವ ಮಾತು ಸಿಗುವುದಿಲ್ಲ.

ಆಸ್ಪತ್ರೆಯೇ ಪಾಠಶಾಲೆ

ಇಡೀ ತರಬೇತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. 1925ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಆಂಟನ್ ಬೊಯ್ಸನ್ ಎಂಬ ಪಾದ್ರಿ, ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೊಯ್ಸನ್ ಅವರೇ ಒಂದು ಕಾಲಕ್ಕೆ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಇದ್ದವರು. ಪುಸ್ತಕ ಓದುವಂತೆಯೇ ನೋವಿನಲ್ಲಿರುವ ಮನುಷ್ಯನನ್ನೂ ಗಮನವಿಟ್ಟು ತಿಳಿಯಬೇಕು ಎಂಬುದು ಅವರ ನಿಲುವು. ಅಲ್ಲಿಂದ ಬೆಳೆದದ್ದು ಕ್ಲಿನಿಕಲ್ ಪಾಸ್ಟೊರಲ್ ಎಜುಕೇಶನ್. ಅದರಲ್ಲಿ ಒಂದು ಅಭ್ಯಾಸವನ್ನು ನಾವು ನಾಳೆಯೇ ಶುರು ಮಾಡಬಹುದು.

ಆಸ್ಪತ್ರೆಗೆ ಅಥವಾ ಮನೆಗೆ ರೋಗಿಯನ್ನು ನೋಡಲು ಹೋಗಿ. ಬಂದ ಕೂಡಲೇ ನಡೆದ ಮಾತನ್ನು ನಾಟಕದ ಸಂಭಾಷಣೆಯ ಹಾಗೆ ನೆನಪಿನಿಂದ ಬರೆಯಿರಿ. ರೋಗಿಯ ಹೆಸರು, ಊರು, ಗುರುತು ಸಿಗುವ ವಿವರ ಬದಲಿಸಿ. ಅಲ್ಲೇ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಬಾರದು. ಕೂಟದಲ್ಲಿ ಇಬ್ಬರು ಅದನ್ನು ಓದಲಿ. ಉದಾಹರಣೆಗೆ:

"ರಾತ್ರಿ ನಿದ್ದಿ ಹತ್ತವಲ್ದರೀ ಅಯ್ಯನವರ."
"ಪ್ರಾರ್ಥನಾ ಮಾಡ್ರಿ ಯಮ್ಮಾ, ಎಲ್ಲಾ ಸರಿ ಆಗ್ತೈತಿ."
"ಹೂನ್ರಿ."

ಇಲ್ಲಿ ನಿಲ್ಲಿಸಿ. ಆ ಅಮ್ಮ ಏನೋ ಹೇಳಲು ಬಾಯಿ ತೆರೆದಿದ್ದರು, ನಮ್ಮ ಉತ್ತರ ಬಂದ ಕೂಡಲೇ ಮುಚ್ಚಿಕೊಂಡರು. ಪ್ರಾರ್ಥನೆಯ ಮಾತು ತಪ್ಪಲ್ಲ, ಬೇಗ ಬಂತು. "ನಿದ್ದಿ ಬರದಾಗ ಏನೇನ್ ವಿಚಾರ ಬರ್ತಾವ್ರಿ?" ಎಂದು ಕೇಳಿದ್ದರೆ? ಮಗಳ ಮದುವೆಯ ಚಿಂತೆಯೋ, ಸಾವಿನ ಭಯವೋ, ಸೊಸೆಯ ಜೊತೆಗಿನ ಜಗಳವೋ ಹೊರಬರುತ್ತಿತ್ತು. ಆಮೇಲೆ ಮಾಡುವ ಪ್ರಾರ್ಥನೆ ಆ ಅಮ್ಮನದೇ ಪ್ರಾರ್ಥನೆ ಆಗುತ್ತಿತ್ತು. ಹೀಗೆ ಓದುವಾಗ ಯಾರನ್ನೂ ಹೀಯಾಳಿಸಬಾರದು. ಬರೆದವರಿಗೆ ಮೊದಲು ಮಾತಾಡಲು ಬಿಡಿ, ಆಮೇಲೆ ಉಳಿದವರು.

ಕೆಲವು ನೋವು ಪಾಸ್ಟರ್ ಕೈಯಲ್ಲಿ ತೀರುವುದಿಲ್ಲ. ಸಾಯುವ ಮಾತಾಡುವವರು, ಕುಡಿತ ಬಿಟ್ಟ ಕೂಡಲೇ ನಡುಗಿ ಭ್ರಮೆಗೆ ಬೀಳುವವರು ವೈದ್ಯರ ಬಳಿ ಹೋಗಲೇಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಹತ್ತಿರವೇ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ಅಯ್ಯನವರ ಫೋನಿನಲ್ಲಿ ಇರಲಿ. ದೆವ್ವ ಹಿಡಿದಿದೆ ಎಂದು ಕರೆತಂದ ಹುಡುಗಿಗೆ ಪ್ರಾರ್ಥನೆ ಮಾಡಿ, ಅದೇ ದಿನ ಡಾಕ್ಟರ್‌ಗೂ ತೋರಿಸಿ. ಮಾತ್ರೆ ನಿಲ್ಲಿಸಿ ಎಂದು ಎಂದೂ ಹೇಳಬೇಡಿ.

ಕನ್ನಡವನ್ನೂ ಓದಬೇಕು

ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗ-ಬೆಟಗೇರಿಗೆ 1841ರಲ್ಲಿ ಬಂದರು. ಅದೇ ಮಿಷನ್‌ನ ಫರ್ಡಿನಾಂಡ್ ಕಿಟೆಲ್ ಈ ದೇಶಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ ಇರುವ 41 ವರ್ಷವೇ ನಿಜವಾದ ಮುಂದುವರಿದ ಶಿಕ್ಷಣ. ಸ್ವಿಟ್ಜರ್ಲೆಂಡ್‌ನ ಸೆಮಿನರಿಯಲ್ಲಿ ಕಲಿತದ್ದು ಅವರಿಗೆ ಸಾಲಲಿಲ್ಲ, ಇಲ್ಲಿನ ಹಳಗನ್ನಡ ಛಂದಸ್ಸು, ವ್ಯಾಕರಣವನ್ನೆಲ್ಲ ಕೂತು ಕಲಿತರು.

ನಾವು ಇಲ್ಲೇ ಹುಟ್ಟಿದವರು, ಕನ್ನಡ ಬರುತ್ತದೆ ಎಂದು ಸುಮ್ನೆ ಇದ್ದುಬಿಡುತ್ತೇವೆ. ಪ್ರಸಂಗ ಕೇಳುವ ಜನರ ಬಾಯಲ್ಲಿ ಶಿಶುನಾಳ ಶರೀಫರ ಪದ ಇದೆ, ಬಸವಣ್ಣನವರ ವಚನ ಇದೆ, ಕಾಗಿನೆಲೆಯ ಕನಕದಾಸರ ಕೀರ್ತನೆ ಇದೆ. ಅವನ್ನು ಗೌರವದಿಂದ ಓದಿ. ತಪ್ಪು ಹುಡುಕಲು ಓದಬೇಡಿ. ನೆರೆಮನೆಯವರ ಮನಸ್ಸು ತಿಳಿಯಲು ಓದಿ. ವರ್ಷಕ್ಕೊಮ್ಮೆ ಇಲ್ಲಿನ ಒಬ್ಬ ಕನ್ನಡ ಅಧ್ಯಾಪಕರನ್ನು ಕೂಟಕ್ಕೆ ಕರೆಯಿರಿ.

ಪ್ರಸಂಗದ ಅಭ್ಯಾಸ ಸುಲಭ. ನಿಮ್ಮದೇ ಪ್ರಸಂಗವನ್ನು ರೆಕಾರ್ಡ್ ಮಾಡಿ ಕೇಳಿ, ಒಂದು ಭಾಗವನ್ನು ಕೂಟದಲ್ಲಿ ಕೇಳಿಸಿ. ಅವರು ಒಂದೇ ಪ್ರಶ್ನೆಗೆ ಉತ್ತರ ಹೇಳಲಿ: ಮನೆಗೆ ಹೋಗುವಾಗ ಏನು ನೆನಪಿರುತ್ತದೆ?

ಕಾನೂನು, ಲೆಕ್ಕ

ವರ್ಷಕ್ಕೆ ಒಂದು ದಿನ ಇದಕ್ಕೇ ಮೀಸಲಿಡಿ. ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು ಬರಲಿ.

ಮದುವೆ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಪ್ರಕಾರ ಎಲ್ಲರೂ ಮದುವೆ ಮಾಡಿಸುವಂತಿಲ್ಲ. ದೀಕ್ಷೆ ಅಥವಾ ಪರವಾನಗಿ ಬೇಕು. ಕೆಲವು ವಿನಾಯಿತಿ ಬಿಟ್ಟರೆ ಬೆಳಗ್ಗೆ 6ರಿಂದ ಸಂಜೆ 7ರೊಳಗೆ ನಡೆಯಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ದಾಖಲೆ ಕಣ್ಣಾರೆ ನೋಡಿ, ಹಿರಿಯರ ಬಾಯಿಮಾತು ನಂಬಬೇಡಿ.

ಮಕ್ಕಳು: 2012ರ ಪೋಕ್ಸೊ ಕಾಯಿದೆಯಲ್ಲಿ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. "ಸಭೆಯ ಮರ್ಯಾದಿ, ಒಳಗೇ ಮುಗಿಸೋಣ" ಎನ್ನುವ ಮಾತಿಗೆ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ಸಂಡೇ ಸ್ಕೂಲ್ ಟೀಚರ್‌ಗಳಿಗೆ ಈ ಪಾಠ ಮೊದಲು ಆಗಬೇಕು, ಹಾಡು ಆಮೇಲೆ.

ಹಣ: ಕಾಣಿಕೆ ಎಣಿಸುವಾಗ ಇಬ್ಬರು ಇರಲಿ, ಅಂದೇ ಪುಸ್ತಕಕ್ಕೆ ಏರಲಿ. ವಿದೇಶಿ ದೇಣಿಗೆ ಇದ್ದರೆ 2010ರ ಎಫ್‌ಸಿಆರ್‌ಎ ಕಾಯಿದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆ ಹಣದಲ್ಲಿ ಆಡಳಿತದ ಖರ್ಚು ಶೇ 20 ಮೀರುವಂತಿಲ್ಲ.

ಖರ್ಚು ಯಾರದು?

ಸಭೆಯದು. ಅಯ್ಯನವರ ಸಂಬಳದಿಂದ ಬಸ್ ಚಾರ್ಜು, ಪುಸ್ತಕ, ಫೀ ಹೋಗಬಾರದು. ಸಭಾ ಕಮಿಟಿಯ ವಾರ್ಷಿಕ ಬಜೆಟ್‌ನಲ್ಲಿ "ಅಧ್ಯಯನ" ಎಂದು ಒಂದು ಸಾಲು ಬರೆಯಿಸಿ, ಠರಾವು ಮಾಡಿಸಿ. ಚರ್ಚಿಗೆ ಬಣ್ಣ ಬಳಿಸಲು ದುಡ್ಡು ಹೊಂದಿಸುವ ನಾವು ಇದಕ್ಕೂ ಹೊಂದಿಸಬಲ್ಲೆವು. ಸಣ್ಣ ಸಭೆಗಳಾದರೆ ಮೂರ್ನಾಲ್ಕು ಸೇರಿ ಹಂಚಿಕೊಳ್ಳಲಿ. ತಿಂಗಳ ಆ ಸೋಮವಾರ ರಜೆ ಅಲ್ಲ, ಕೆಲಸದ ದಿನವೇ ಎಂದೂ ಠರಾವಿನಲ್ಲಿ ಬರಲಿ.

ವರ್ಗಾವಣೆಯಾದಾಗ ಕೂಟ ಒಡೆಯುವುದು ಜಾಸ್ತಿ. ಅದಕ್ಕೆ ಸಂಚಾಲಕರಾಗಿ ವರ್ಗವಾಗದ ಒಬ್ಬರನ್ನು, ಅಂದರೆ ಊರಿನ ಸಭಾ ಹಿರಿಯರನ್ನೋ ನಿವೃತ್ತ ಟೀಚರನ್ನೋ ಇಟ್ಟುಕೊಳ್ಳಿ. ಹಾಜರಿ ಪುಸ್ತಕ, ಪುಸ್ತಕಗಳ ಪೆಟ್ಟಿಗೆ ಅವರ ಬಳಿಯೇ ಇರಲಿ. ಹೊಸ ಅಯ್ಯನವರು ಬಂದ ಮೊದಲ ವಾರವೇ ಅವರು ಹೋಗಿ ಮುಂದಿನ ಕೂಟದ ತಾರೀಖು ಹೇಳಿ ಬರಲಿ.