ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕಾರ್ಮಿಕ ಕಾನೂನು ಓದಿದ ಅನುಭವ

ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡುತ್ತಲೇ ನಾನು ಕಾರ್ಮಿಕ ಸಂಬಂಧ ಮತ್ತು ಕಾರ್ಮಿಕ ಕಾನೂನಿನ ಆನ್‌ಲೈನ್ ಡಿಪ್ಲೊಮಾ ಮುಗಿಸಿದೆ. ಹಾಜರಿ, ಓಟಿ, ಪಿಎಫ್, ಇಎಸ್‌ಐ ಎಲ್ಲವೂ ದಿನನಿತ್ಯ ಕೈಯಲ್ಲಿ ಓಡಾಡುತ್ತಿದ್ದ ವಿಷಯಗಳೇ. ಆದರೆ ಕಾರ್ಮಿಕರೊಬ್ಬರು ಕಿಟಕಿಯ ಬಳಿ ನಿಂತು "ಇದು ಯಾವ ನಿಯಮ ಸರ್?" ಎಂದು ಕೇಳಿದರೆ, ನಮ್ಮಲ್ಲಿ ನಡೆದುಬಂದ ಪದ್ಧತಿ ಇದು ಎನ್ನುವುದಕ್ಕಿಂತ ಗಟ್ಟಿಯಾದ ಉತ್ತರವನ್ನು ಕೊಡಬೇಕೆಂಬುದು ನನ್ನ ಆಸೆಯಾಗಿತ್ತು.

ಮೊದಲ ಪಾಠಗಳು ಸಿದ್ಧಾಂತದವು. ಕಾರ್ಮಿಕರು, ಮಾಲೀಕರು, ಸರ್ಕಾರ ಎಂಬ ಮೂರು ಪಾತ್ರಧಾರಿಗಳನ್ನಿಟ್ಟು ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಡನ್ಲಪ್ ಕಟ್ಟಿದ ಚೌಕಟ್ಟು ಪರೀಕ್ಷೆಗೆ ಸಾಕಷ್ಟು ಉಪಯೋಗಕ್ಕೆ ಬಂತು. ಅದಕ್ಕಿಂತ ನನಗೆ ಹಿಡಿಸಿದ್ದು ಬ್ರಿಟಿಷ್ ಸಮಾಜಶಾಸ್ತ್ರಜ್ಞ ಅಲನ್ ಫಾಕ್ಸ್ ಮಾಡಿದ ವಿಂಗಡಣೆ. ಕಾರ್ಖಾನೆಯನ್ನು ಒಂದೇ ಕುಟುಂಬವೆಂದು ನೋಡುವವರಿಗೆ ಪ್ರತಿ ತಕರಾರೂ ಯಾರೋ ಕಿಡಿಗೇಡಿಗಳ ಕೆಲಸವಾಗಿ ಕಾಣುತ್ತದೆ. ಅಲ್ಲಿ ಬೇರೆ ಬೇರೆ ಹಿತಾಸಕ್ತಿಗಳಿವೆ ಎಂದು ಒಪ್ಪಿಕೊಂಡವರಿಗೆ ಅದೇ ತಕರಾರು ಮಾತುಕತೆಯ ವಿಷಯವಾಗುತ್ತದೆ.

ನಿಜವಾದ ಕಲಿಕೆ ಶುರುವಾದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಿಂದ. ವಿಡಿಯೊ ಪಾಠವನ್ನು ಒಮ್ಮೆ ಕೇಳಿ, ಆಮೇಲೆ ಕಾಯ್ದೆಯ ಮೂಲಪಾಠವನ್ನು ತೆರೆದು, ಅದರ ಪಕ್ಕದಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕದಂತೆಯೇ ಗೆರೆ ಹಾಕಿದ ಹಾಳೆಯಲ್ಲಿ ಕಾಲ್ಪನಿಕ ಕಾರ್ಮಿಕರ ಲೆಕ್ಕ ಬರೆಯುವುದು ನನ್ನ ಕ್ರಮವಾಗಿತ್ತು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವರನ್ನು ರಿಟ್ರೆಂಚ್ ಮಾಡಬೇಕಾದರೆ, ಅಂದರೆ ಕೆಲಸಗಾರರು ಹೆಚ್ಚಾದರೆಂದು ಕೆಲಸದಿಂದ ತೆಗೆಯಬೇಕಾದರೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂದು ಪಾಠ ಹೇಳುತ್ತದೆ. ಆದರೆ ಆ 240 ದಿನಗಳನ್ನು ಎಣಿಸುವುದು ಹೇಗೆ? ಒಬ್ಬರು ಯಂತ್ರದ ಮುಂದೆ ನಿಂತು ದುಡಿದದ್ದು 206 ದಿನ ಮಾತ್ರ ಎಂದುಕೊಳ್ಳೋಣ. ಹಾಜರಿಯನ್ನಷ್ಟೇ ನೋಡಿದರೆ ಅವರಿಗೆ ಈ ರಕ್ಷಣೆ ಇಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ, ವೇತನ ಸಹಿತವಾದ ಭಾನುವಾರಗಳನ್ನೂ ರಜಾದಿನಗಳನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ತೀರ್ಪು ಕೊಟ್ಟಿತು. ಸಂಬಳ ಸಹಿತ ವಾರದ ರಜೆ 34, ಹಬ್ಬ ಮತ್ತು ರಾಷ್ಟ್ರೀಯ ರಜೆ 8 ಸೇರಿದರೆ ಒಟ್ಟು 248. ಅದೇ ಹಾಳೆ, ಅದೇ ಮನುಷ್ಯ. ಎಣಿಕೆಯ ಕ್ರಮವೊಂದೇ ಅವರನ್ನು ಕಾನೂನಿನ ಒಳಗೋ ಹೊರಗೋ ನಿಲ್ಲಿಸುತ್ತದೆ. ಹಾಜರಿಯಲ್ಲಿ 'ವೀಕ್ಲಿ ಆಫ್' ಎಂದು ಬರೆಯುವಾಗ ಅದು ಸಂಬಳ ಸಹಿತವೇ ಅಲ್ಲವೇ ಎಂಬುದನ್ನು ಅಂದಿನಿಂದ ನಾನು ತಪ್ಪದೆ ನಮೂದಿಸುತ್ತೇನೆ.

ವೇತನ ಒಪ್ಪಂದಗಳ ಅಧ್ಯಾಯವನ್ನೂ ಇದೇ ರೀತಿ ಓದಿದೆ. ಯೂನಿಯನ್ನಿನವರು 'ಟ್ವೆಲ್ವ್ ತ್ರೀ' (ಆ ಕಾಯ್ದೆಯ 12(3)ನೇ ಸೆಕ್ಷನ್ನಿನಡಿ ರಾಜಿ ಸಂಧಾನ ಅಧಿಕಾರಿಯ ಮುಂದೆ ಆಗುವ ಒಪ್ಪಂದ) ಎಂದು ಏಕೆ ಪಟ್ಟು ಹಿಡಿಯುತ್ತಾರೆಂಬುದು ಆಗ ಸ್ಪಷ್ಟವಾಯಿತು. ಇಬ್ಬರೇ ಕುಳಿತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ರಾಜಿ ಸಂಧಾನ ಅಧಿಕಾರಿಯ ಮುಂದೆ ಆದದ್ದು ಯೂನಿಯನ್ ಸದಸ್ಯರಲ್ಲದವರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯವಾಗುತ್ತದೆ.

ತೀರ್ಪುಗಳ ಸಾರಾಂಶವನ್ನು ಓದಿ ತೃಪ್ತಿಪಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ನಡುವಿನ 1978ರ ತೀರ್ಪನ್ನು ಪಾಠದಲ್ಲಿ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದ್ದರು. ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಭಾಗವನ್ನು ಪೂರ್ತಿ ಓದಿದಾಗ, ವ್ಯವಸ್ಥಿತ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಸರಕು ಇಲ್ಲವೇ ಸೇವೆಯ ಉತ್ಪಾದನೆ ಎಂಬ ಮೂರು ಅಂಶಗಳಿದ್ದರೆ ಲಾಭದ ಉದ್ದೇಶವಿಲ್ಲದ ಆಸ್ಪತ್ರೆ, ಶಾಲೆಗಳೂ 'ಉದ್ಯಮ'ವೇ ಎಂದು ಏಕೆ ಹೇಳಲಾಯಿತೆಂಬ ವಾದಸರಣಿ ಮನಸ್ಸಿನಲ್ಲಿ ನಿಂತಿತು. ನಮ್ಮೂರಿನ ನಲ್ಲಿ ನೀರಿನ ಇಲಾಖೆಯ ನೌಕರರಿಂದ ಹುಟ್ಟಿದ ಪ್ರಕರಣ ಇಡೀ ದೇಶದ ಕಾನೂನನ್ನು ರೂಪಿಸಿತು ಎಂಬುದು ನನಗೆ ಹೆಮ್ಮೆಯ ವಿಷಯ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯ್ದೆಗಳ ಜಾಗವನ್ನು ತೆಗೆದುಕೊಂಡವು. ಹಾಗೆಂದು ಹಳೆಯದನ್ನು ಓದಿದ್ದು ವ್ಯರ್ಥವಾಗಲಿಲ್ಲ. 240 ದಿನಗಳ ನಿಯಮ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ಬದಲಾದದ್ದನ್ನು ನೋಟ್‌ಬುಕ್ಕಿನ ಎದುರು ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕಾರ್ಖಾನೆ ಮುಚ್ಚಲು ಇಲ್ಲವೇ ರಿಟ್ರೆಂಚ್‌ಮೆಂಟಿಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುತ್ತದೆ. ಪೀಣ್ಯದ ಬಹುಪಾಲು ಕಾರ್ಖಾನೆಗಳು ಸಣ್ಣವು. ಅವುಗಳಲ್ಲಿ ದುಡಿಯುವವರಿಗೆ ಮೊದಲನೆಯದರಿಂದ ರಕ್ಷಣೆ ಹೆಚ್ಚಲಿಲ್ಲ, ಎರಡನೆಯದರಿಂದ ಖಂಡಿತ ಉಪಯೋಗವಿದೆ ಎಂದು ನಾನು ಭಾವಿಸುತ್ತೇನೆ.

ಸಾಮೂಹಿಕ ಚೌಕಾಸಿಯ, ಅಂದರೆ ಕಾರ್ಮಿಕರು ಒಟ್ಟಾಗಿ ಮಾಲೀಕರೊಂದಿಗೆ ನಡೆಸುವ ಮಾತುಕತೆಯ, ಪಾಠ ಮಾತ್ರ ಪರದೆಯ ಮೇಲೆ ಪೂರ್ತಿ ಸಿಗಲಿಲ್ಲ. ಅದರಲ್ಲಿ ನೋಂದಾಯಿತ ಸಂಘ, ಬೇಡಿಕೆ ಪಟ್ಟಿ, ಸಂಧಾನ ಎಂಬ ಮೆಟ್ಟಿಲುಗಳಷ್ಟೇ ಇದ್ದವು. ಹೀಗಾಗಿ ನನ್ನ ದೀರ್ಘ ಅಸೈನ್‌ಮೆಂಟಿಗೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದ ಘಟನೆಯನ್ನು ಆರಿಸಿಕೊಂಡೆ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಅಧಿಸೂಚನೆಯ ವಿರುದ್ಧ, ಬಹುಪಾಲು ಮಹಿಳೆಯರೇ ಇದ್ದ ಆ ಸಮೂಹ ಯಾವ ದೊಡ್ಡ ಸಂಘದ ಕರೆಗೂ ಕಾಯದೆ ಹೊರಬಂದಿತ್ತು. ಕೇಂದ್ರ ಸರ್ಕಾರ ಏಪ್ರಿಲ್ 19ರಂದು ಅಧಿಸೂಚನೆಯನ್ನು ಹಿಂಪಡೆಯಿತು. ಮಗಳ ಮದುವೆಗೋ, ಶಾಲೆಯ ಫೀಸಿಗೋ ಪಿಎಫ್ ಒಂದನ್ನೇ ನಂಬಿಕೊಂಡವರ ಅರ್ಜಿಗಳನ್ನು ವರ್ಷಗಳಿಂದ ತುಂಬಿಕೊಟ್ಟಿದ್ದರಿಂದ, ಆ ಅಸೈನ್‌ಮೆಂಟಿನಲ್ಲಿ ಅವರ ಕೋಪದ ಕಾರಣವನ್ನು ಅಂಕಿಗಳ ಸಮೇತ ವಿವರಿಸುವುದು ನನಗೆ ಕಷ್ಟವಾಗಲಿಲ್ಲ.