ನೀರು ಬೆನ್ನಿಗೆ, ಕಬ್ಬಿಣ ಗಾಡಿಗೆ

ಬೆಳಗಿನ ಐದೂವರೆಗೆ ಬೈಕ್ ಹತ್ತಿ ಬೆಂಗಳೂರು ಬಿಟ್ಟು ಮಾಗಡಿ, ಕನಕಪುರ, ದೊಡ್ಡಬಳ್ಳಾಪುರದ ಕಡೆಯ ಬಂಡಿಜಾಡು ಹಿಡಿಯುವವರು ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಲೆಕ್ಕ ಹಾಕಿಯೇ ಹೊರಡುತ್ತಾರೆ. ಹಾಗಾಗಿ ಒಂದು ಬಾಟಲಿ ನೀರು, ಸೀಟಿನಡಿ ಕಂಪನಿ ಕೊಟ್ಟ ನಾಲ್ಕು ಪಾನಾ, ಅಷ್ಟೇ. ನೀಲಗಿರಿ ತೋಪಿನ ನಡುವೆ ಜಾಲಿ ಮುಳ್ಳು ಚುಚ್ಚಿದ ಮೇಲೆ ಲೆಕ್ಕ ತಪ್ಪುತ್ತದೆ. ಟಾರು ರಸ್ತೆ ಮೂರೇ ಕಿಲೋಮೀಟರ್ ಇರಬಹುದು, ಆದರೆ 150 ಕಿಲೋ ದಾಟಿದ ಗಾಡಿಯನ್ನು ಗಾಳಿ ಇಲ್ಲದ ಚಕ್ರದ ಮೇಲೆ ಮರಳಲ್ಲಿ ತಳ್ಳಬೇಕು.

ಇನ್ನು ಕೆಲವರು ಎಲ್ಲವನ್ನೂ ಒಂದೇ ಬೆನ್ನುಚೀಲಕ್ಕೆ ತುರುಕುತ್ತಾರೆ. ಇದು ಇನ್ನೂ ಕೆಟ್ಟದ್ದು. ಅಂಗಾತ ಬಿದ್ದಾಗ ಟೈರ್ ಬಿಚ್ಚುವ ಕಬ್ಬಿಣದ ಟೈರ್ ಲಿವರ್ ನೇರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಬೀಳದಿದ್ದರೂ ಆರು ಕಿಲೋ ಹೊತ್ತು ಫುಟ್‌ರೆಸ್ಟ್ ಮೇಲೆ ನಿಂತು ಓಡಿಸಿದರೆ ಒಂದು ಗಂಟೆಯಲ್ಲಿ ಹೆಗಲು ಸೋಲುತ್ತದೆ, ಆಮೇಲೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತೀರಿ, ಕೈ ಮರಗಟ್ಟುತ್ತದೆ. ಆದ್ದರಿಂದ ಮೆತ್ತಗಿರುವುದು ಮೈಮೇಲೆ, ಗಟ್ಟಿ ಇರುವುದು ಗಾಡಿ ಮೇಲೆ.

ಮೊದಲು ನೀರು. ಮಾರ್ಚ್‌ನಿಂದ ಮೇವರೆಗೆ ಜಾಕೆಟ್, ಮೊಣಕಾಲು ಗಾರ್ಡ್ ಹಾಕಿಕೊಂಡು ಕಚ್ಚಾ ದಾರಿಯಲ್ಲಿ ಓಡಿಸುವವರಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ನಾಲ್ಕು ಗಂಟೆಗೆ ಮೂರು ಲೀಟರ್ ಅಂತಿಟ್ಟುಕೊಳ್ಳಿ, ಅಂದರೆ ಮೂರು ಕಿಲೋ. ಎರಡು ಲೀಟರ್ ಕೊಳವೆಯಿಂದ ಹೀರಿ ಕುಡಿಯುವ ಬೆನ್ನಿನ ನೀರಿನ ಚೀಲದಲ್ಲಿ, ಒಂದು ಲೀಟರ್ ಗಾಡಿಯಲ್ಲಿ ಬಾಟಲಿಯಲ್ಲಿ. ಈ ಬಾಟಲಿಯಲ್ಲಿ ಬರೀ ನೀರೇ ಇರಲಿ, ನಿಂಬೆ ಸಕ್ಕರೆ ಏನೂ ಬೇಡ. ತರಚಿದ ಮೊಣಕೈ ತೊಳೆಯಲು, ಕಣ್ಣಿಗೆ ಬಿದ್ದ ಧೂಳು ತೆಗೆಯಲು ಇದೇ ಆಗಬೇಕು. ಅಂಗಡಿಯ ತೆಳು ಪ್ಲಾಸ್ಟಿಕ್ ಬಾಟಲಿ ಅದುರಿ ಅದುರಿ ಉಜ್ಜಿದ ಜಾಗದಲ್ಲಿ ತೂತು ಬೀಳುತ್ತದೆ. ಗಟ್ಟಿ ಬಾಟಲಿಗೆ ಹಳೆ ಕಾಲುಚೀಲ ತೊಡಿಸಿ. ರಬ್ಬರ್ ಹಗ್ಗದಲ್ಲಿ ಕಟ್ಟಬೇಡಿ, ಮೊದಲ ಹಳ್ಳದಲ್ಲೇ ಜಿಗಿದು ಹೋಗುತ್ತದೆ. ಬಕಲ್ ಇರುವ ಪಟ್ಟಿಯೇ ಆಗಬೇಕು.

ನೀರಿನ ಚೀಲ ತುಂಬಿದ ಮೇಲೆ ತಲೆಕೆಳಗೆ ಹಿಡಿದು ಕೊಳವೆಯಿಂದ ಒಳಗಿನ ಗಾಳಿಯನ್ನು ಹೀರಿ ತೆಗೆಯಿರಿ. ಗಾಳಿ ಉಳಿದರೆ ನೀರು ಬೆನ್ನಲ್ಲಿ ತುಳುಕಾಡಿ ಪ್ರತಿ ತಿರುವಿನಲ್ಲೂ ನಿಮ್ಮನ್ನು ಎಳೆಯುತ್ತದೆ. ಎದೆ ಪಟ್ಟಿ ಬಿಗಿಯಾಗಿರಲಿ. ಕುಡಿದಾದ ಮೇಲೆ ಕೊಳವೆಯೊಳಗೆ ಒಮ್ಮೆ ಊದಿ, ನೀರು ಚೀಲಕ್ಕೆ ವಾಪಸ್ ಹೋಗಲಿ. ಇಲ್ಲದಿದ್ದರೆ ಮುಂದಿನ ಮೊದಲ ಗುಟುಕು ಬಿಸಿ ಕಾಫಿ, ಡಿಕಾಕ್ಷನ್ ಒಂದು ಇರುವುದಿಲ್ಲ. ಚೀಲ ಸೋರುವುದು ಬಹುಪಾಲು ಮುಚ್ಚಳದ ರಬ್ಬರ್ ರಿಂಗಿಗೆ ಮರಳು ಸಿಕ್ಕಿ. ಹಿಂದಿನ ರಾತ್ರಿಯೇ ತುಂಬಿ ಪೇಪರ್ ಮೇಲೆ ಮಲಗಿಸಿಡಿ, ಬೆಳಿಗ್ಗೆ ಪೇಪರ್ ಒಣಗಿದ್ದರೆ ಸರಿ. ಓಆರ್‌ಎಸ್ ಚೀಲಕ್ಕೆ ಹಾಕಬೇಡಿ, ಕೊಳವೆಯಲ್ಲಿ ಬೂಷ್ಟು ಕಟ್ಟುತ್ತದೆ. ಲೀಟರಿನ ಪೊಟ್ಟಣ ಒಯ್ದು, ನಿಂತಾಗ ಬೇರೆ ಬಾಟಲಿಯಲ್ಲಿ ಪೂರಾ ಒಂದು ಲೀಟರ್‌ಗೇ ಕಲಸಿ. ಅರ್ಧ ಲೀಟರ್‌ಗೆ ಕಲಸಿದರೆ ಉಪ್ಪು ಹೆಚ್ಚಾಗುತ್ತದೆ.

ದಾರಿಯಲ್ಲಿ ನೀರು ಮುಗಿದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿ. ನಾಣ್ಯ ಹಾಕುವ ಯಂತ್ರ, ಜೇಬಲ್ಲಿ ಐದರ ನಾಲ್ಕು ನಾಣ್ಯ ಇರಲಿ. ಒಂದೇ ಸಲಕ್ಕೆ ಕ್ಯಾನ್ ತುಂಬುವಷ್ಟು ಬರುವುದರಿಂದ, ಕೊಡ ಹಿಡಿದು ನಿಂತವರ ಜೊತೆ ಸೇರಿಕೊಂಡರೆ ಯಾರಿಗೂ ನಷ್ಟವಿಲ್ಲ. ಕೆರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಬೇಡ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕಡೆಯ ಕೆರೆಗಳಿಗೆ ತುಂಬುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು.

ಈಗ ಕಬ್ಬಿಣ. ಏನು ಒಯ್ಯಬೇಕು ಅನ್ನುವುದಕ್ಕೆ ಅಂಗಡಿಯವರ ಪಟ್ಟಿ ಬೇಡ. ಒಂದು ಭಾನುವಾರ ಮನೆ ಮುಂದೆ, ಒಯ್ಯಬೇಕೆಂದಿರುವ ಸಾಮಾನಿನಿಂದಷ್ಟೇ ಎರಡೂ ಚಕ್ರ ಬಿಚ್ಚಿ, ಟ್ಯೂಬ್ ಹೊರಗೆ ತೆಗೆದು, ಮತ್ತೆ ಹಾಕಿ. ಕೈಗೆ ಬಾರದ್ದು ಮನೆಯಲ್ಲಿರಲಿ, ಬೇಕೆನಿಸಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಂದ ಬರಲಿ. ಹೆಚ್ಚಿನ ಗಾಡಿಗಳಿಗೆ 8, 10, 12, 14 ಎಂಎಂ ಪಾನಾ, 4, 5, 6ರ ಎಲನ್ ಕೀ, ಎರಡು ತುದಿಯ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಪ್ಲಗ್ ಪಾನಾ, ಎಂಟು ಒಂಬತ್ತು ಇಂಚಿನ ಎರಡು ಟೈರ್ ಲಿವರ್ ಸಾಕು. ಎಡವುವುದು ಹಿಂದಿನ ಆಕ್ಸಲ್ ನಟ್ಟಿನಲ್ಲಿ. ಸರ್ವಿಸ್‌ನಲ್ಲಿ ಗಾಳಿ ಗನ್ನಿನಿಂದ ಬಿಗಿದಿರುತ್ತಾರೆ, ಕೈಯಗಲದ ಪಾನಾಕ್ಕೆ ಅದು ಅಲ್ಲಾಡುವುದಿಲ್ಲ. ಆ ಅಳತೆಯ ರಿಂಗ್ ಪಾನಾ ತೆಗೆದುಕೊಂಡು, ಅದರ ಹಿಡಿಗೆ ತೂರುವಂಥ ಒಂದಡಿ ಪೈಪ್ ಜೊತೆಗಿಡಿ.

ಟ್ಯೂಬ್ ವಿಷಯಕ್ಕೆ ಬಂದರೆ, ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ ಎರಡಕ್ಕೂ ಮುಂದಿನ ಚಕ್ರ 21 ಇಂಚು. ಒಂದೇ ಟ್ಯೂಬ್ ಒಯ್ಯುವುದಾದರೆ 21ರದ್ದೇ ಇರಲಿ. ಹಿಂದಿನ 18ಕ್ಕೋ 17ಕ್ಕೋ ಅದನ್ನು ಮಡಿಚಿಕೊಳ್ಳದಂತೆ ಸವರಿ ಕೂರಿಸಿ ನಿಧಾನವಾಗಿ ಊರು ಸೇರಬಹುದು. ಹಿಂದಿನದು ಮುಂದಕ್ಕೆ ಹಿಡಿಯುವುದಿಲ್ಲ. ಈ ಟ್ಯೂಬನ್ನು ಪಾನಾಗಳ ಜೊತೆ ಬರಿದೇ ಹಾಕಿದರೆ ಆರು ತಿಂಗಳಲ್ಲಿ ಹೊಸ ಟ್ಯೂಬ್ ಚೀಲದೊಳಗೇ ಪಂಚರ್ ಆಗಿರುತ್ತದೆ. ಪೌಡರ್ ಹಚ್ಚಿ, ಹಳೆ ಟ್ಯೂಬಿನ ತುಂಡಿನಲ್ಲಿ ಸುತ್ತಿ, ಮುಂದಿನ ಮಡ್‌ಗಾರ್ಡ್ ಮೇಲಿನ ಸಣ್ಣ ಚೀಲಕ್ಕೆ ಕಟ್ಟಿ.

ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ. ಬರಿಗೈ ಬೇಡ. ಜಾಲಿ ಮುಳ್ಳು ಹೊರಗೆ ಮುರಿದು ಒಳಗೆ ಸೂಜಿಯಂತೆ ನಿಂತಿರುತ್ತದೆ, ಅದನ್ನು ತೆಗೆಯದಿದ್ದರೆ ಎರಡನೇ ಟ್ಯೂಬಿಗೆ ಐದೇ ನಿಮಿಷದ ಆಯುಷ್ಯ. ಹಳೆ ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಲ್ಲ, ಗಾಳಿ ಕಮ್ಮಿಯಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡದ್ದು. ವಾಲ್ವ್ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಮುಚ್ಚಳಕ್ಕೆ ತಾಗಿಸಿಡಿ. ಕಮ್ಮಿ ಗಾಳಿಯಲ್ಲಿ ಟೈರ್ ರಿಮ್ಮಿನ ಮೇಲೆ ಜಾರಿದಾಗ ನಟ್ ಬಿಗಿಯಾಗಿದ್ದರೆ ವಾಲ್ವ್ ಬುಡವೇ ಕಿತ್ತು ಬರುತ್ತದೆ. ಗಾಳಿಗೆ ಸಣ್ಣ ಕೈ ಪಂಪೇ ನಂಬಿಕೆಯದು, ಇನ್ನೂರು ಸಲದ ಆಸುಪಾಸು ಹೊಡೆಯಬೇಕು. 16 ಗ್ರಾಂ ಗ್ಯಾಸ್ ಕ್ಯಾಪ್ಸೂಲ್ ಆದರೆ ಮುಂದಿನ ಚಕ್ರಕ್ಕೂ ಒಂದು ಸಾಲದು. ಟ್ಯೂಬ್‌ಲೆಸ್ ಗಾಡಿಯವರಿಗೆ ದಾರ ಚುಚ್ಚುವ ಕಿಟ್ಟೂ ಪಂಪೂ ಇದ್ದರೆ ಸಾಮಾನ್ಯ ಮುಳ್ಳಿಗೆ ಸಾಕು.

ಉಳಿದ ಪುಡಿ ಸಾಮಾನಿನಲ್ಲಿ ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿನ ನಂಬರಿನದೇ ಚೈನ್ ಲಾಕ್ ಒಂದು, ಕ್ಲಚ್ ಲಿವರ್, ಫ್ಯೂಸ್, ಹತ್ತು ಕೇಬಲ್ ಟೈ, ಒಂದು ಗಜ ಕಟ್ಟುತಂತಿ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಟ್ಟರೆ ತುಂಡಾದಾಗ ತುದಿ ಬದಲಿಸಿದರಾಯಿತು. ಗಟ್ಟಿ ಟೇಪನ್ನು ಸುರುಳಿಯಾಗಿ ಒಯ್ಯದೆ ಪಂಪಿನ ಮೈಗೆ ಎರಡು ಮೀಟರ್ ಸುತ್ತಿಡಿ. ಎಂಜಿನ್ ಕವರ್ ಕಲ್ಲಿಗೆ ಬಡಿದು ಬಿರುಕು ಬಿಟ್ಟರೆ ಕಲಸಿ ಮೆತ್ತುವ ಅಂಟು ಎಂ-ಸೀಲ್ ನಿಲ್ಲುತ್ತದೆ, ಆದರೆ ಎಣ್ಣೆ ಪಸೆ ಪೂರ್ತಿ ಹೋಗಬೇಕು. ಎಣ್ಣೆ ಕೈಯಲ್ಲೇ ಮೆತ್ತಿದರೆ ಹತ್ತು ನಿಮಿಷಕ್ಕೆ ಕಳಚಿ ಬೀಳುತ್ತದೆ. ಗಾಡಿಯನ್ನು ಆ ಪಕ್ಕ ಮೇಲಾಗುವಂತೆ ಮಲಗಿಸಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ಮೆತ್ತಿ ಕಲ್ಲಿನಂತಾಗುವವರೆಗೆ ಕಾಯಿರಿ.

ಪಾನಾ ಸುರುಳಿಗೆ ಹಳೆ ಜೀನ್ಸಿನ ಕಾಲು ಸಾಕು, ಬೀದಿ ಟೈಲರ್ ಹತ್ತಿರ ಒಂದೊಂದು ಪಾನಾಕ್ಕೆ ಒಂದೊಂದು ಗೂಡು ಹೊಲಿಸಿ. ತೂಕ ಮೂರು ಕಿಲೋದೊಳಗಿರಲಿ. ಹಿಂದಿನ ಲಗೇಜ್ ರ್‍ಯಾಕಿನ ತುದಿಗೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಸೀಟಿಗೆ ಅಂಟಿದಂತೆ, ಇಲ್ಲವೇ ಎಂಜಿನ್ ಗಾರ್ಡಿನೊಳಗೆ ಕೆಳಗೆ, ಸೈಲೆನ್ಸರ್ ತಾಗದ ಕಡೆ ಕಟ್ಟಿ. ಹತ್ತು ಕಿಲೋಮೀಟರ್ ಓಡಿಸಿ ಒಮ್ಮೆ ನಿಂತು ಪಟ್ಟಿ ಎಳೆದು ನೋಡಿ, ಅಷ್ಟರಲ್ಲಿ ಸಾಮಾನು ಕುಳಿತು ಪಟ್ಟಿ ಸಡಿಲವಾಗಿರುತ್ತದೆ.

ವಾಪಸ್ ಬಂದ ದಿನವೇ ನೀರಿನ ಚೀಲಕ್ಕೆ ಉಗುರುಬೆಚ್ಚಗಿನ ನೀರು, ಲೀಟರ್‌ಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಒಣಗಿಸುವಾಗ ಒಳಮೈ ಒಂದಕ್ಕೊಂದು ಅಂಟದಂತೆ ಮಜ್ಜಿಗೆ ಕಡಗೋಲು ತೂರಿಸಿ ತಲೆಕೆಳಗೆ ನೇತುಹಾಕಿ. ಕಡಗೋಲು ಬೆಳಿಗ್ಗೆಯೊಳಗೆ ಅಡುಗೆಮನೆಗೆ ವಾಪಸ್ ಹೋಗಿರಬೇಕು.