ಐದು ವೋಲ್ಟಿನ ಪುಟ್ಟ ಆಂಪ್ಲಿಫೈಯರ್: ನಾನು ಜೋಡಿಸುವ ಬಗೆ

ನಾನು ಬಳಸುವುದು ಪಿಎಎಂ8403 ಎಂಬ ಆಂಪ್ಲಿಫೈಯರ್ ಐಸಿ (ಚಿಪ್) ಕೂತಿರುವ ಬೋರ್ಡು, ವಾಲ್ಯೂಮ್ ತಿರುಗಣಿ ಇರುವಂಥದ್ದು. 4 ಓಮಿನ ಎರಡು ಸ್ಪೀಕರಿಗೆ ತಲಾ 3 ವ್ಯಾಟ್ ಎಂದು ಬರೆದಿರುತ್ತಾರೆ. ಅಷ್ಟಕ್ಕೆ ಏರಿಸಿದರೆ ದನಿ ಒಡೆಯುತ್ತದೆ. ಎರಡು ವ್ಯಾಟಿನ ಆಸುಪಾಸಿನಲ್ಲಿ ಚೆನ್ನಾಗಿರುತ್ತದೆ, ಒಂದು ಕೋಣೆಗೆ ಅದು ಧಾರಾಳ.

ಕರೆಂಟಿಗೆ 5 ವೋಲ್ಟ್, 2 ಆಂಪಿಯರಿನ ಮೊಬೈಲ್ ಚಾರ್ಜರ್ ಸಾಕು. 5.5 ವೋಲ್ಟ್ ದಾಟಬಾರದು. ಮನೆಯಲ್ಲಿ ಬಿದ್ದಿರುವ 9 ಅಥವಾ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದರೆ ಐಸಿ ಕಥೆ ಮುಗಿಯಿತು. ಪ್ಲಸ್ ಮೈನಸ್ ಅದಲುಬದಲಾದರೂ ಅಷ್ಟೇ. ಯುಎಸ್‌ಬಿ ಕೇಬಲ್ ಕತ್ತರಿಸಿದಾಗ ಕೆಂಪು ಪ್ಲಸ್, ಕಪ್ಪು ಮೈನಸ್ ಇರಬೇಕು. ಅಗ್ಗದ ಕೇಬಲಿನ ಬಣ್ಣ ನಂಬುವಂಥದ್ದಲ್ಲ, ಮಲ್ಟಿಮೀಟರ್ ಇಟ್ಟು ನೋಡಿಯೇ ಬೆಸುಗೆ ಹಾಕಿ. ಕೂದಲೆಳೆಯಂಥ ವೈರಾದರೆ ಬೇಸ್ ಬಂದಾಗಲೆಲ್ಲ ವೋಲ್ಟೇಜ್ ಕುಸಿದು ಹಾಡು ತುಂಡುತುಂಡಾಗುತ್ತದೆ. ದಪ್ಪ ವೈರು ಹಾಕಿ, ಬೋರ್ಡಿನ ಪವರ್ ಪಿನ್ನುಗಳಿಗೆ ಒತ್ತಿಕೊಂಡಂತೆ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಕೂರಿಸಿ.

ಬೋರ್ಡು ಹೆಚ್ಚಾಗಿ ಸಾಯುವುದು ಸ್ಪೀಕರ್ ಕಡೆಯಿಂದ. ಸ್ಪೀಕರಿನ ಮೈನಸ್ ಎಂದು ಗುರುತು ಹಾಕಿರುವುದು ಗ್ರೌಂಡ್ (ಚಾರ್ಜರಿನ ಮೈನಸ್) ಅಲ್ಲ. ಈ ಐಸಿ ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರಾಗಿ ನೂಕುತ್ತದೆ. ಹಾಡು ಇಲ್ಲದಾಗ ಯಾವ ತುದಿಯನ್ನು ಗ್ರೌಂಡಿಗೆ ಅಳೆದರೂ ಸುಮಾರು 2.5 ವೋಲ್ಟ್, ಎರಡು ತುದಿಗಳ ನಡುವೆ ಅಳೆದರೆ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಎಡ ಬಲ ಮೈನಸ್ಸುಗಳನ್ನು ಒಟ್ಟು ಮಾಡಿ ಮೂರೇ ವೈರು ಎಳೆಯುವುದು, ಅಥವಾ ಔಟ್‌ಪುಟ್ಟಿಗೆ ಹೆಡ್‌ಫೋನ್ ಸಾಕೆಟ್ ಕೂರಿಸುವುದು, ಎರಡೂ ಬೇಡ. ನಾಲ್ಕು ತುದಿಗೆ ನಾಲ್ಕು ವೈರು.

ಗುಜರಿ ಅಂಗಡಿಯ ಹಳೆ ಟಿವಿ ಸ್ಪೀಕರ್ 8 ಓಮಿನದಾದರೂ ಪರವಾಗಿಲ್ಲ. ಸದ್ದು ತುಸು ಕಡಿಮೆ, ಐಸಿ ಮಾತ್ರ ತಣ್ಣಗಿರುತ್ತದೆ. ಗುರುತು ಅಳಿಸಿಹೋಗಿದ್ದರೆ 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಕೋನು ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಗುಲಿದ್ದೇ ಸ್ಪೀಕರಿನ ಪ್ಲಸ್. ಒಂದು ನೇರ ಒಂದು ತಿರುವುಮುರುವಾದರೆ ಬೇಸ್ ಮಾಯವಾಗುತ್ತದೆ. ಸ್ಪೀಕರನ್ನು ಡಬ್ಬಿಯಿಲ್ಲದೆ ಬರಿಮೈಲಿ ಇಟ್ಟರೂ ಅದೇ ಪಾಡು.

ಇನ್‌ಪುಟ್ ಸುಲಭ: ಫೋನಿಗೆ ಸಿಕ್ಕಿಸುವ ಜ್ಯಾಕಿನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಹೊರಗೆ ಜಾಲರಿ ಹೊದಿಕೆ ಇರುವ ವೈರನ್ನೇ ಬಳಸಿ.

ಇಷ್ಟಾದ ಮೇಲೂ ಗುಂಯ್ ಎನ್ನುತ್ತಿದ್ದರೆ ಮೊದಲು ಫೋನಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತಿತೆಂದರೆ ಫೋನೂ ಬೋರ್ಡೂ ಒಂದೇ ಚಾರ್ಜರಿನಿಂದ ಕರೆಂಟ್ ಎಳೆಯುತ್ತಾ, ಚಾರ್ಜರ್ ವೈರು ಮತ್ತು ಆಡಿಯೊ ವೈರು ಎರಡರಲ್ಲೂ ಗ್ರೌಂಡ್ ಸೇರಿ ಸುತ್ತು (ಗ್ರೌಂಡ್ ಲೂಪ್) ಬಿದ್ದಿದೆ. ಬೇರೆ ಬೇರೆ ಚಾರ್ಜರ್ ಕೊಟ್ಟರಾಯಿತು. ಬ್ಲೂಟೂತ್ ಬೋರ್ಡು ಜೊತೆಗಿದ್ದರೆ ಈ ಕಾಟ ಇನ್ನೂ ಜೋರು, ಕೆಪಾಸಿಟರಿಗೆ ಬಗ್ಗುವುದಿಲ್ಲ. ಬ್ಲೂಟೂತ್ ಬೋರ್ಡಿನ ಕರೆಂಟಿಗಷ್ಟೇ ಬಿ0505ಎಸ್ ಎಂಬ ಪುಟ್ಟ ಐಸೊಲೇಟೆಡ್ ಕನ್ವರ್ಟರ್ (ಒಳಬರುವ, ಹೊರಹೋಗುವ ಕರೆಂಟಿನ ನಡುವೆ ನೇರ ಸಂಪರ್ಕ ಇಲ್ಲದ್ದು) ಹಾಕಿದರೆ ಕಿರಿಕಿರಿ ಹೋಗುತ್ತದೆ. ಅದರ ಔಟ್‌ಪುಟ್ ಗ್ರೌಂಡನ್ನು ಚಾರ್ಜರಿನ ಮೈನಸ್ಸಿಗೆ ಸೇರಿಸಬೇಡಿ, ಆಡಿಯೊ ವೈರಿನ ಮೂಲಕ ಸೇರಿದರೆ ಸಾಕು.

ಫೋನಿನ ಎಫ್‌ಎಂನಲ್ಲಿ ಮೈಸೂರು ಆಕಾಶವಾಣಿಯ 100.6 ಹಿಡಿಯುವವರಿಗೆ ಫೋನಿನಿಂದ ಬೋರ್ಡಿಗೆ ಬರುವ ಆಕ್ಸ್ ವೈರೇ ಆಂಟೆನಾ. ಅದನ್ನು ಸ್ಪೀಕರ್ ವೈರಿನ ಪಕ್ಕ ಹಾಯಿಸಬೇಡಿ. ಈ ಐಸಿ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಾ ಸ್ಪೀಕರ್ ವೈರಿನಿಂದ ರೇಡಿಯೊಗೆ ಗದ್ದಲ ಸೂಸುತ್ತದೆ. ಸ್ಪೀಕರ್ ವೈರು ಗಿಡ್ಡವಿರಲಿ, ಜೋಡಿಯಾಗಿ ಹೊಸೆದಿರಲಿ.